ಬಸವಪುರಾಣವನ್ನು ಅಚ್ಚಿಗೇರಿಸಿದ ಪಾದ್ರಿ ಗುರುಗಳು

ಶ್ರಾವಣ ಬಂದಿತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳದ ಮಠಗಳಲ್ಲಿ ಪುರಾಣ ಹಚ್ಚುವುದನ್ನು ತಾವು ಬಲ್ಲಿರಿ. ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಅಣ್ಣನವರ ಕಥೆಯನ್ನು ಭೀಮಕವಿ 1369ರಲ್ಲಿ ಷಟ್ಪದಿಯಾಗಿ ಹಾಡಿದನಷ್ಟೆ. ಓಲೆಗರಿಯ ಆ ಬಸವಪುರಾಣವನ್ನು ಕಲ್ಲಚ್ಚಿನಲ್ಲಿ ತಂದವರು ಜರ್ಮನಿಯ ಪಾದ್ರಿ ಹೆರ್ಮನ್ ಮೋಗ್ಲಿಂಗ್.

1836ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಈ ಉಪಾಧ್ಯಾಯರು ಹುಡುಗರಿಗೆ ಪಾಠ ಹೇಳುತ್ತಲೇ ಕನ್ನಡ ಕಲಿತರು; 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದರು. 1848ರಿಂದ ಅಚ್ಚುಮಾಡಿಸಿದ ಗ್ರಂಥಮಾಲೆಯಲ್ಲಿ ಜೈಮಿನಿ ಭಾರತ, ದಾಸರ ಪದಗಳೊಡನೆ ಬಸವಪುರಾಣವೂ ಸೇರಿತು. ಮತಬೋಧೆಗೆ ಬಂದವರಿಗೆ ಅನ್ಯರ ಪುರಾಣವೇಕೆ? ಜನರ ಮನಸ್ಸನ್ನು ಅರಿಯಲೆಂದು, ನಿಜ. ಆದರೆ ಅದಕ್ಕೆ ಓದಿಕೊಂಡರೆ ಸಾಕಿತ್ತು. ಅವರಿಗೆ ಕನ್ನಡದ ರುಚಿ ಹತ್ತಿತ್ತೆಂದೇ ನನಗೆ ತೋರುತ್ತದೆ. 1860ರಲ್ಲಿ ಸ್ವದೇಶಕ್ಕೆ ಮರಳಿದ ಮೇಲೂ ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಿರುಗಿಸುತ್ತಿದ್ದರು.