ಹಿಮದ ನಾಡಿನಿಂದ ಹಡಗು ಮರಳುವಾಗ

ಅಕ್ಕಂದಿರೇ, ಗೋಕುಲ ರಸ್ತೆಯ ಬಸ್ ನಿಲ್ದಾಣ ನಿಮಗೆ ಗೊತ್ತು. ಬಸ್ಸಿನ ಬೋರ್ಡು ಈಗ ನೀವೇ ಓದುತ್ತೀರಿ. ಅಲ್ಲಿಂದ ಗೋವೆಗೂ ಬಸ್ಸು ಹೋಗುತ್ತದೆ. ಗೋವೆಯ ಮುಂದೆ ಸಮುದ್ರ. ಸಮುದ್ರದ ಮೇಲೆ ದಕ್ಷಿಣಕ್ಕೆ ಹೋಗುತ್ತಲೇ ಇದ್ದರೆ ಕೊನೆಗೆ ಏನು ಸಿಗುತ್ತದೆ? ಮಂಜುಗಡ್ಡೆಯ ನಾಡು. ಅದರ ಹೆಸರು ಅಂಟಾರ್ಕ್ಟಿಕಾ. ಅದು ನಮ್ಮ ದೇಶದ ನಾಲ್ಕು ಪಟ್ಟು ದೊಡ್ಡದು. ಅಲ್ಲಿ ಹೊಲವಿಲ್ಲ, ಊರಿಲ್ಲ.

1981ರ ಡಿಸೆಂಬರ್ 6ರಂದು ನಮ್ಮ ದೇಶದ 21 ಜನ ಗೋವೆಯಲ್ಲಿ ಹಡಗು ಹತ್ತಿದರು. 1982ರ ಜನವರಿ 9ರಂದು ಅಲ್ಲಿ ಇಳಿದರು. ಫೆಬ್ರವರಿಯಲ್ಲಿ ಮರಳಿ ಬಂದರು. 1983ರ ತಂಡದಲ್ಲಿ ಇಬ್ಬರು ಹೆಣ್ಣುಮಕ್ಕಳೂ ಹೋದರು. ಅವರು ಸುದೀಪ್ತಾ ಸೇನ್‌ಗುಪ್ತಾ ಮತ್ತು ಅದಿತಿ ಪಂತ್. ಇಬ್ಬರೂ ವಿಜ್ಞಾನಿಗಳು.

ಈಗ ಅಲ್ಲಿಗೆ ಪ್ರವಾಸಿಗರೂ ಹೋಗುತ್ತಾರೆ. ಪೆಂಗ್ವಿನ್ ಹಕ್ಕಿ, ಸೀಲ್, ತಿಮಿಂಗಿಲ ನೋಡುವುದು ಅವರ ಆಸೆ. ನವೆಂಬರಿನಿಂದ ಮಾರ್ಚಿವರೆಗೆ ಮಾತ್ರ ಹಡಗು ಹೋಗುತ್ತವೆ. ಯಾಕೆ ಅಂತೀರಾ? ನಮಗೆ ಚಳಿಗಾಲ ಇದ್ದಾಗ ಅಲ್ಲಿ ಬೇಸಿಗೆ. ಆಗ ಸಮುದ್ರದ ಮೇಲಿನ ಮಂಜು ಕರಗಿ ದಾರಿ ಬಿಡುತ್ತದೆ. ಮಾರ್ಚ್ ಬಂತೆಂದರೆ ಸಮುದ್ರದ ನೀರು ಮತ್ತೆ ಗಡ್ಡೆ ಕಟ್ಟುತ್ತದೆ. ತಡ ಮಾಡಿದ ಹಡಗು ಸಿಕ್ಕಿಬಿದ್ದೀತು!

ಹಡಗು ಮರಳುವ ಆ ಕೊನೆಯ ದಿನಗಳೇ ಪೆಂಗ್ವಿನ್‌ಗೆ ಕಷ್ಟದ ದಿನಗಳು. ನಮ್ಮ ಕೋಳಿ ಗರಿ ಉದುರಿಸುವುದನ್ನು ನೋಡಿದ್ದೀರಲ್ಲ? ಪೆಂಗ್ವಿನ್ ಕೂಡ ಹಳೆಯ ಗರಿ ಉದುರಿಸುತ್ತದೆ. ಹೊಸ ಗರಿ ಬರಲು ಎರಡು ಮೂರು ವಾರ ಬೇಕು. ಅಲ್ಲಿಯವರೆಗೆ ನೀರಿಗೆ ಇಳಿಯುವಂತಿಲ್ಲ. ಇಳಿದರೆ ಮೈಗೆ ನೀರು ತಾಗಿ ಚಳಿಗೆ ಸತ್ತೀತು. ಅದರ ಊಟವೆಲ್ಲ ಇರುವುದು ನೀರಿನಲ್ಲಿ. ಹೀಗಾಗಿ ಅಷ್ಟೂ ದಿನ ಉಪವಾಸ. ಮೈಯಲ್ಲಿ ಕೂಡಿಟ್ಟ ಕೊಬ್ಬೇ ಅದಕ್ಕೆ ಬುತ್ತಿ.

ಆಗ ಯಾರೋ ಫೋಟೋ ತೆಗೆಯಲು ಹತ್ತಿರ ಹೋದರು ಅನ್ನಿರಿ. ಹಕ್ಕಿ ಹೆದರಿ ಓಡುತ್ತದೆ. ಓಡಿದಷ್ಟೂ ಬುತ್ತಿ ಕರಗುತ್ತದೆ. ನಮಗೆ ಒಂದು ಫೋಟೋ, ಅದಕ್ಕೆ ಜೀವದ ಪ್ರಶ್ನೆ.

ಅದಕ್ಕೇ ಅಲ್ಲಿ ಕಟ್ಟುನಿಟ್ಟು ಇದೆ. ಹಕ್ಕಿಯಿಂದ 5 ಮೀಟರಾದರೂ ದೂರ ನಿಲ್ಲಬೇಕು. ಅಂದರೆ ಹೆಚ್ಚುಕಡಿಮೆ ಒಂದು ಸೀರೆಯ ಉದ್ದ. ಗರಿ ಉದುರಿಸುವ ಹಕ್ಕಿಯಿಂದ ಇನ್ನೂ ದೂರ ನಿಲ್ಲಬೇಕು. ಒಮ್ಮೆಗೆ 100 ಜನಕ್ಕಿಂತ ಹೆಚ್ಚು ಒಂದೇ ಕಡೆ ಇಳಿಯುವಂತಿಲ್ಲ. ಇಳಿಯುವ ಮೊದಲು, ಹಡಗು ಹತ್ತಿದ ಮೇಲೆ ಬೂಟು ತೊಳೆಯಬೇಕು. ಬೂಟಿನ ಮಣ್ಣಿನಲ್ಲಿ ಬೀಜ ಇರಬಹುದು, ರೋಗ ಇರಬಹುದು. 2024ರಲ್ಲಿ ಹಕ್ಕಿಜ್ವರ ಆ ನಾಡಿಗೂ ಮುಟ್ಟಿತು. ಅಲ್ಲಿಂದ ಒಂದು ಕಲ್ಲು, ಒಂದು ಗರಿ ಕೂಡ ತರಬಾರದು. ಒಂದು ಚೂರು ಕಸವನ್ನೂ ಬಿಟ್ಟು ಬರಬಾರದು.

ನಮ್ಮ ಉಣಕಲ್ ಕೆರೆಯಲ್ಲೂ ಹಕ್ಕಿಗಳಿವೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿರಿ. ದೂರ ನಿಂತು ನೋಡಿರಿ. ತಂದ ಪ್ಲಾಸ್ಟಿಕ್ ಚೀಲ ಮರಳಿ ಮನೆಗೆ ತನ್ನಿರಿ. ಹಕ್ಕಿಯ ಮನೆಗೆ ನಾವು ಬೀಗರು. ಬೀಗರು ಮನೆ ಹಾಳು ಮಾಡಿ ಬರುತ್ತಾರೇನು?

ಹೇಳಿರಿ ನೋಡೋಣ:
1. ಮಾರ್ಚಿನಲ್ಲಿ ಹಡಗು ಯಾಕೆ ಮರಳುತ್ತದೆ?
2. ಗರಿ ಉದುರುವಾಗ ಪೆಂಗ್ವಿನ್ ಯಾಕೆ ಉಪವಾಸ ಇರುತ್ತದೆ?