ಕಾಲು ನೋಡಿ ಕಾಲ ಹೇಳುವುದು

ಒಂದರ ಬೆನ್ನಿನಲ್ಲಿ 70, ಇನ್ನೊಂದರ ಬೆನ್ನಿನಲ್ಲಿ 89. ಸೀಸದ ಕಡ್ಡಿಯಲ್ಲಿ ಒತ್ತಿ ಬರೆದ ಅಂಕಿಗಳು. ಮುಂಬದಿಯಲ್ಲಿ ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ ಫುಟ್‌ಬಾಲ್ ಆಟಗಾರರ ಚಿತ್ರ. ಇಬ್ಬರದೂ ಬರಿಗಾಲು, ಹರಡಿಗೆ ಬಟ್ಟೆಯ ಪಟ್ಟಿ ಸುತ್ತಿದೆ. ಮೂರನೆಯದೂ ಒಂದಿತ್ತು. ಅದರಲ್ಲಿದ್ದವನ ಕಾಲಲ್ಲಿ ಬೂಟು, ಹಿಂದೆ ಅಂಕಿಯ ಬದಲು ಒಂದು ಹೆಸರು: ಕೆಂಪಯ್ಯ.

ಸಾತನೂರಿನಲ್ಲಿ ನಮ್ಮ ದೊಡ್ಡಪ್ಪನ ಹಳೇ ಮನೆಯ ಹೆಂಚು ಇಳಿಸುವಾಗ ಅಟ್ಟದ ಸಾಮಾನೆಲ್ಲ ಜಗಲಿಗೆ ಬಂದಿತ್ತು. ರೇಷ್ಮೆಹುಳು ಗೂಡು ಕಟ್ಟುವ ಮುರಿದ ಚಂದ್ರಂಕಿಗಳು, ಹುಳು ಮೇಯಿಸುತ್ತಿದ್ದ ಬಿದಿರ ತಟ್ಟೆಗಳು, ಹಿಡಿ ಕಳೆದುಕೊಂಡ ಸೊಪ್ಪು ಕತ್ತರಿಸುವ ಕತ್ತಿ, ಇವುಗಳ ನಡುವೆ ತುಕ್ಕು ಹಿಡಿದ ಒಂದು ಜಾಮಿಟ್ರಿ ಬಾಕ್ಸು. ಕೈವಾರ, ಕೋನಮಾಪಕ ಯಾವುದೂ ಇರಲಿಲ್ಲ. ಈ ರಟ್ಟಿನ ತುಂಡುಗಳಿದ್ದವು. ದೊಡ್ಡಪ್ಪ ಸ್ವಾತಂತ್ರ್ಯದ ಆಸುಪಾಸಿನಲ್ಲಿ ಬೆಂಗಳೂರಿನ ಹಾಸ್ಟೆಲ್ಲಿನಲ್ಲಿದ್ದು ಓದಿ, ಆಮೇಲೆ ಊರಿಗೆ ಮರಳಿ ಹಿಪ್ಪುನೇರಳೆ ತೋಟ ನೋಡಿಕೊಂಡವರು. ಗೂಡಿನ ರೇಟು, ಮಳೆ, ಕಬ್ಬಾಳಮ್ಮನ ಜಾತ್ರೆ ಇವುಗಳ ಬಗ್ಗೆ ಅವರು ಗಂಟೆಗಟ್ಟಲೆ ಮಾತಾಡಿದ್ದನ್ನು ಕೇಳಿದ್ದೇನೆ. ಫುಟ್‌ಬಾಲಿನ ಸೊಲ್ಲೆತ್ತಿದ್ದು ಒಂದು ದಿನವೂ ಇಲ್ಲ.

ಅಂಕಿಗಳ ಬಗ್ಗೆ ಜಗಲಿಯ ಮೇಲೇ ಪಂಚಾಯ್ತಿ ಶುರುವಾಯಿತು. ‘ಅದು ಓಸಿ ನಂಬ್ರು ಕಣಪ್ಪಾ, ಎರಡೆರಡೇ ಅಂಕಿ ಅವೆ ನೋಡು’ ಎಂದರು ಚಿಕ್ಕಪ್ಪ. ‘ಸುಮ್ಕಿರಿ, ಸತ್ತೋರ ಮೇಲೆ ಅಪವಾದ ಹೊರಿಸ್‌ಬ್ಯಾಡಿ’ ಎಂದು ಅತ್ತೆ ಗದರಿದರು. ಅವರ ಪ್ರಕಾರ ಅದು ಗೂಡಿನ ಲೆಕ್ಕ. ಚಿತ್ರದ ಬೆಲೆಯಿರಬಹುದು, ಎಪ್ಪತ್ತು ಪೈಸೆ ಎಂದಿತು ಒಂದು ಹುಡುಗು. ದಶಮಾಂಶದ ನಯಾಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ. ಅದಕ್ಕೆ ಮುಂಚೆ ರೂಪಾಯಿ, ಆಣೆ, ಕಾಸಿನ ಲೆಕ್ಕ. ಚಿತ್ರ ಅದಕ್ಕಿಂತ ಹಳೆಯದಾದರೆ ಆ ಮಾತು ನಿಲ್ಲುವುದಿಲ್ಲ. ಓಸಿ, ಮಟ್ಕಾ ಜೂಜುಗಳ ಹುಚ್ಚು ಹರಡಿದ್ದೂ ಅರವತ್ತರ ದಶಕದಲ್ಲಿ. ಅಂಗಿಯ ನಂಬರೂ ಅಲ್ಲ, ಆಗ ತಂಡದ ನಂಬರು ಹನ್ನೊಂದಕ್ಕೇ ಮುಗಿಯುತ್ತಿತ್ತು. ಹಾಗಾದರೆ ಮೊದಲು ಚಿತ್ರಗಳ ಕಾಲ ಗೊತ್ತಾಗಬೇಕು.

ಹಳೆಯ ಕಾರ್ಡು ಕೂಡಿಸುವವರಿಗೆ ಮುಖಕ್ಕಿಂತ ಬೆನ್ನು ಮುಖ್ಯ. ಯಾವ ಕಂಪನಿ, ಯಾವ ಸರಣಿ, ಎಷ್ಟನೆಯ ಕಾರ್ಡು, ಎಲ್ಲ ಹಿಂದೆಯೇ ಇರುತ್ತದೆ. ನಮ್ಮ ರಟ್ಟುಗಳ ಬೆನ್ನಿನಲ್ಲಿ ಅಚ್ಚಿನ ಅಕ್ಷರವೇ ಇರಲಿಲ್ಲ. ಆದರೆ ಒಂದರ ಅಂಚಿನಲ್ಲಿ ಮಡಿಕೆಯ ಗುರುತಿತ್ತು, ಅಗಲ ಎರಡು ಬೆರಳಿಗಿಂತ ತುಸು ಹೆಚ್ಚು. ಅದು ಸಿಗರೇಟು ಪ್ಯಾಕಿನ ಒಳಗಿಂದ ಎಳೆಯುವ ತಟ್ಟೆಯನ್ನು ಬಿಡಿಸಿ ಕತ್ತರಿಸಿದ್ದು. ಹಾಸ್ಟೆಲ್ಲಿನ ಬೀದಿಯಲ್ಲಿ ಖಾಲಿ ಪ್ಯಾಕು ಹೆಕ್ಕುವ ಹುಡುಗರಿಗೆ ಬರವಿತ್ತೇ!

ಫುಟ್‌ಬಾಲ್ ಕಾರ್ಡು ಹುಟ್ಟಿದ್ದೂ ಹೆಚ್ಚು ಕಡಿಮೆ ಇದೇ ರಟ್ಟಿನಿಂದ. ಹಿಂದೆ ಸಿಗರೇಟು ಬರುತ್ತಿದ್ದದ್ದು ತೆಳ್ಳನೆಯ ಕಾಗದದ ಪೊಟ್ಟಣದಲ್ಲಿ. ಜೇಬಿನಲ್ಲಿ ಮುದುಡದಿರಲಿ ಎಂದು ಕಂಪನಿಗಳು ಒಳಗೊಂದು ರಟ್ಟಿನ ತುಂಡು ಇಟ್ಟವು. ಖಾಲಿ ರಟ್ಟು ಯಾಕೆ ದಂಡ ಎಂದು ಅದರ ಮೇಲೆ ಜಾಹೀರಾತು ಬಂತು, ನಟಿಯರು ಬಂದರು, ಹಡಗುಗಳು ಬಂದವು, ಕೊನೆಗೆ ಆಟಗಾರರು ಬಂದರು. ಬಿಡಿ ಕಾರ್ಡಿನ ವ್ಯಾಪಾರ ಅದಕ್ಕೂ ಮೊದಲೇ ಇತ್ತು. ಇಂಗ್ಲೆಂಡಿನ ಬ್ರಾಡ್‌ಫರ್ಡಿನಲ್ಲಿ ಜಾನ್ ಬೇನ್ಸ್ ಎಂಬ ಆಟಿಕೆ ವ್ಯಾಪಾರಿ 1880ರ ದಶಕದಲ್ಲಿ ಗುರಾಣಿಯ ಆಕಾರದ ಬಣ್ಣದ ಫುಟ್‌ಬಾಲ್ ಕಾರ್ಡುಗಳನ್ನು ಪೊಟ್ಟಣ ಕಟ್ಟಿ ಹುಡುಗರಿಗೆ ಮಾರಿದ. ಸಿಗರೇಟಿನ ಜೊತೆ ಫುಟ್‌ಬಾಲ್ ಆಟಗಾರರ ಸರಣಿ ತಂದವರಲ್ಲಿ ಮ್ಯಾಂಚೆಸ್ಟರಿನ ಮಾರ್ಕಸ್ ಕಂಪನಿಯೇ ಮೊದಲು ಎನ್ನುತ್ತಾರೆ, 1896ರಲ್ಲಿ. ಅಪ್ಪ ಸೇದುವುದು, ಮಗ ಕಾರ್ಡು ಕೂಡಿಸುವುದು. ಸರಣಿ ತುಂಬುವವರೆಗೆ ಅಪ್ಪ ಬ್ರ್ಯಾಂಡು ಬದಲಿಸುವಂತಿಲ್ಲ. ವ್ಯಾಪಾರದ ಬುದ್ಧಿ ಅಂದರೆ ಅದು. ಎರಡನೇ ಮಹಾಯುದ್ಧದಲ್ಲಿ ಕಾಗದಕ್ಕೆ ತತ್ವಾರವಾಗಿ 1940ರ ಹೊತ್ತಿಗೆ ಬ್ರಿಟನ್ನಿನ ಸಿಗರೇಟು ಕಾರ್ಡುಗಳು ನಿಂತುಹೋದವು.

ಇದರ ಒಂದು ಎಳೆ ನಮ್ಮ ಕಡೆಗೂ ಬರುತ್ತದೆ. ಭಾರತದಲ್ಲಿದ್ದ ಗೋರಾ ಸಿಪಾಯಿಗಳನ್ನು ಕಣ್ಣಲ್ಲಿಟ್ಟುಕೊಂಡು ಮಾರುತ್ತಿದ್ದ ‘ಸಿಜರ್ಸ್’ ಪ್ಯಾಕಿನಲ್ಲಿ ವಿಲ್ಸ್ ಕಂಪನಿ 1907ರಲ್ಲಿ ಇಂಗ್ಲಿಷ್ ಫುಟ್‌ಬಾಲ್ ಕ್ಲಬ್ಬುಗಳ ಬಣ್ಣದ ಅಂಗಿಗಳ ಸರಣಿ ಹಾಕಿತ್ತು. ಬೆಂಗಳೂರು ದಂಡಿನಲ್ಲಿ ಆ ಕಾರ್ಡುಗಳು ಕೈಯಿಂದ ಕೈಗೆ ಓಡಾಡಿರಬೇಕು. ಆಮೇಲೆ ಸಿಗರೇಟು ಕಾರ್ಖಾನೆಯೇ ಬೆಂಗಳೂರಿಗೆ ಬಂತು. ಆದರೆ ಬರಿಗಾಲಲ್ಲಿ ಆಡಿ ದಂಡಿನ ತಂಡಗಳನ್ನೇ ಮಣಿಸಿದ ಊರಿನ ಆಟಗಾರರ ಚಿತ್ರವಿರುವ ಒಂದು ಅಚ್ಚಿನ ಕಾರ್ಡೂ ನನ್ನ ಕಣ್ಣಿಗೆ ಬಿದ್ದಿಲ್ಲ. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ಕಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗನ್ನು ಸೋಲಿಸಿ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಿತು. ಅದುವರೆಗೆ ಆ ಕಪ್ಪು ಗೋರಾ ಪಲ್ಟನ್ನುಗಳ ಆಸ್ತಿಯೆಂಬಂತಿತ್ತು. ಮರುವರ್ಷವೂ ಗೆದ್ದರು. 1946ರಲ್ಲಿ ಮೈಸೂರು ತಂಡ ಬಂಗಾಳವನ್ನು ಮಣಿಸಿ ಸಂತೋಷ್ ಟ್ರೋಫಿ ತಂದಿತು. ಇಷ್ಟಾದರೂ ಕಾರ್ಡಿಲ್ಲ. ಹಾಗಾಗಿ ಸಾತನೂರಿನ ಹುಡುಗನೊಬ್ಬ ಪತ್ರಿಕೆ ಕತ್ತರಿಸಿ, ಮೈದಾ ಅಂಟು ಕಾಯಿಸಿ, ತನ್ನ ಕಾರ್ಡನ್ನು ತಾನೇ ಮಾಡಿಕೊಂಡ.

ಕಾಲಮಾನಕ್ಕೆ ಬರೋಣ. ಬೂಟಿನ ಚಿತ್ರದ ಅಂಟು ಒಂದು ಮೂಲೆಯಲ್ಲಿ ಬಿಟ್ಟಿತ್ತು. ಕುದಿಯುವ ನೀರಿನ ಹಬೆಗೆ ಹಿಡಿದು ಇನ್ನಷ್ಟು ಬಿಡಿಸಿದಾಗ ಕಾಗದದ ಹಿಂಬದಿಯಲ್ಲಿ ‘ಬೇಡರ ಕಣ್ಣ’ ಎಂಬಷ್ಟು ಅಕ್ಷರ ಕಂಡಿತು, ಪಕ್ಕದಲ್ಲಿ ಸಿನಿಮಾ ಜಾಹೀರಾತಿನ ಚೌಕಟ್ಟು. ರಾಜಕುಮಾರರ ‘ಬೇಡರ ಕಣ್ಣಪ್ಪ’ ತೆರೆಗೆ ಬಂದದ್ದು 1954ರಲ್ಲಿ. ಈ ಕಾರ್ಡಂತೂ ಅದಕ್ಕಿಂತ ಹಿಂದಿನದಲ್ಲ.

ಬರಿಗಾಲಿನವರ ಚಿತ್ರಗಳು ಕದಲಲಿಲ್ಲ, ಎಳೆದರೆ ಹರಿಯುವ ಭಯ. ಆದರೆ ಅಲ್ಲಿ ಕಾಲೇ ಸಾಕ್ಷಿ ಹೇಳುತ್ತಿತ್ತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ ಭಾರತ ತಂಡಕ್ಕೆ ಯುಗೊಸ್ಲಾವಿಯ ಹತ್ತು ಗೋಲು ಹೊಡೆಯಿತು. ಅಲ್ಲಿಂದ ಮರಳಿದ ಮೇಲೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಬೂಟು ಕಡ್ಡಾಯ ಮಾಡಿತು. ಎಂದರೆ ಬರಿಗಾಲಿದ್ದರೆ ಅದರ ಹಿಂದಿನ ಮಾತು, ಬೂಟಿದ್ದರೆ ಬಹುಮಟ್ಟಿಗೆ ಮುಂದಿನದು. (ಬರಿಗಾಲಿನ ಹಟದಿಂದಾಗಿ ಭಾರತ 1950ರ ವಿಶ್ವಕಪ್‌ಗೆ ಹೋಗಲಿಲ್ಲ ಎಂಬ ಕತೆ ಈಗಲೂ ಚಾಲ್ತಿಯಲ್ಲಿದೆ. ಫೆಡರೇಷನ್ ಆಗ ಕೊಟ್ಟ ಕಾರಣ ತಂಡದ ಆಯ್ಕೆಯಲ್ಲಿ ಒಮ್ಮತವಿಲ್ಲ, ಅಭ್ಯಾಸಕ್ಕೆ ಸಮಯವಿಲ್ಲ ಎಂಬುದು. ಕಾಲಿನ ಕತೆ ಹೇಳುವುದಕ್ಕೆ ಚೆನ್ನಾಗಿದೆ, ಅದಕ್ಕೇ ಉಳಿದುಕೊಂಡಿದೆ.)

ಇಷ್ಟು ತಿಳಿದ ಮೇಲೆ 1952ರವರೆಗಿನ ಪಂದ್ಯಗಳ ವಿವರ ಓದುತ್ತ ಹೋದೆ. 1948ರ ಜುಲೈ 31, ಲಂಡನ್ ಒಲಿಂಪಿಕ್ಸ್, ಇಲ್ಫರ್ಡಿನ ಮೈದಾನದಲ್ಲಿ ಭಾರತ ಮತ್ತು ಫ್ರಾನ್ಸ್. ಸ್ವತಂತ್ರ ಭಾರತಕ್ಕೆ ಮೊದಲ ಒಲಿಂಪಿಕ್ಸ್, ಸ್ವಾತಂತ್ರ್ಯಕ್ಕೆ ಇನ್ನೂ ವರ್ಷ ತುಂಬಿಲ್ಲ. ಮೂವತ್ತನೇ ನಿಮಿಷದಲ್ಲಿ ಫ್ರಾನ್ಸಿನ ಕೂರ್ಬೆ ಗೋಲು ಹೊಡೆದ. ಭಾರತಕ್ಕೆ ಸಿಕ್ಕ ಎರಡು ಪೆನಾಲ್ಟಿಯೂ ವ್ಯರ್ಥವಾದವು. ಸರಿಗಟ್ಟಿದ್ದು ಮೈಸೂರು ತಂಡದ ಸಾರಂಗಪಾಣಿ ರಾಮನ್, ಎಪ್ಪತ್ತನೇ ನಿಮಿಷದಲ್ಲಿ.

70.

ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಫುಟ್‌ಬಾಲ್ ಗೋಲು ಅದು. ಅಂಕಿ ನಿಮಿಷದ್ದು ಎಂದು ಹೊಳೆದದ್ದೇ ತಡ, ಅದೇ ಪಂದ್ಯದ ಮುಂದಿನ ಸಾಲು ನೋಡಿದೆ: ಫ್ರಾನ್ಸಿನ ಪೆರ್ಸಿಯೋಂ ಗೆಲುವಿನ ಗೋಲು ಹೊಡೆದದ್ದು 89ನೇ ನಿಮಿಷದಲ್ಲಿ. ಎರಡು ಅಂಕಿಯೂ ಒಂದೇ ಪಂದ್ಯದಲ್ಲಿ ಸಿಕ್ಕಿಬಿಟ್ಟವು. ಯಾರಾದರೂ ಇಲ್ಲಿಗೆ ಪುಸ್ತಕ ಮುಚ್ಚಿಡಬಹುದಿತ್ತು. ಆದರೆ ನಮ್ಮನ್ನು ಸೋಲಿಸಿದವನ ಚಿತ್ರಕ್ಕೆ ಆ ಹುಡುಗ ಅಂಟು ಕಾಯಿಸಿಯಾನೇ? ಕಾಯಿಸಿದ ಎಂದೇ ಇಟ್ಟುಕೊಳ್ಳಿ, ಫ್ರೆಂಚರು ಬೂಟು ಹಾಕಿ ಆಡಿದವರು. 89ರ ಕಾರ್ಡಿನಲ್ಲಿದ್ದವನದು ಬರಿಗಾಲು.

ಉತ್ತರ ಹೆಲ್ಸಿಂಕಿಯಲ್ಲಿತ್ತು. 1952ರ ಜುಲೈ 15ರ ಆ ಯುಗೊಸ್ಲಾವಿಯದ ಪಂದ್ಯದಲ್ಲಿ ಅವರ ಹತ್ತು ಗೋಲಿಗೆ ಭಾರತ ಹೊಡೆದದ್ದು ಒಂದು. ಹೊಡೆದವರು ಬೆಂಗಳೂರಿನ ಅಹಮದ್ ಖಾನ್. ನಿಮಿಷ 89. ಪಂದ್ಯ ಎಂದೋ ಕೈಬಿಟ್ಟಿತ್ತು, ಇನ್ನೊಂದು ನಿಮಿಷ ಕಳೆದರೆ ಸೀಟಿ. ಆಗ ಬಂದ ಗೋಲನ್ನು ಈ ಹುಡುಗ ಬರೆದಿಟ್ಟುಕೊಂಡಿದ್ದಾನೆ. ಒಂದು ಸೋಲಿನ ಗೋಲು, ಇನ್ನೊಂದು ಹೀನಾಯ ಸೋಲಿನ ಗೋಲು. ಅಂಕಪಟ್ಟಿಯನ್ನು ಬರೆಯದೆ ನಿಮಿಷವನ್ನು ಮಾತ್ರ ಬರೆದ ದೊಡ್ಡಪ್ಪನ ಬಗ್ಗೆ ನನಗೆ ಅವರು ಬದುಕಿದ್ದಾಗ ಇದ್ದುದಕ್ಕಿಂತ ಹೆಚ್ಚು ಸಲಿಗೆ ಹುಟ್ಟಿತು.

ಅಹಮದ್ ಖಾನ್ ಹುಟ್ಟಿದ್ದು 1926ರಲ್ಲಿ. ಚೆಂಡು ಅವರ ಪಾದಕ್ಕೆ ಅಂಟಿಕೊಂಡು ಆಡುತ್ತಿದ್ದ ರೀತಿ ಕಂಡು ಜನ ಅವರನ್ನು ಹಾವಾಡಿಗ ಎಂದು ಕರೆದರು. ಲಂಡನ್ನಿಗೂ ಹೋಗಿದ್ದರು, ಹೆಲ್ಸಿಂಕಿಗೂ ಹೋದರು. ನಡುವೆ 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. 1949ರಲ್ಲಿ ಕಲ್ಕತ್ತದ ಈಸ್ಟ್ ಬೆಂಗಾಲ್ ಸೇರಿ ಹತ್ತು ವರ್ಷ ಅಲ್ಲೇ ಆಡಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇ ಮತ್ತು ಅಹಮದ್ ಖಾನ್, ಈ ಐವರ ಮುಂಚೂಣಿಗೆ ಬಂಗಾಳಿಗಳು ಕೊಟ್ಟ ಹೆಸರು ಪಂಚ ಪಾಂಡವರು. ಪಾಂಡವರಲ್ಲಿ ಒಬ್ಬನೂ ಬಂಗಾಳಿಯಲ್ಲ ಎಂಬುದು ಅಲ್ಲಿನವರಿಗೆ ತಮಾಷೆಯೂ ಹೌದು, ಹೆಮ್ಮೆಯೂ ಹೌದು. ಖಾನ್ 2017ರವರೆಗೆ ಬದುಕಿದ್ದರು. ಬೆಂಗಳೂರಿನಲ್ಲೇ ಇದ್ದರು, ಕನಕಪುರ ರಸ್ತೆಯ ಬಸ್ಸು ಹತ್ತಿದರೆ ನಮ್ಮಿಂದ ಅರ್ಧ ದಿನದ ದಾರಿ. ಜಾಮಿಟ್ರಿ ಬಾಕ್ಸು ಕೆಲವು ವರ್ಷ ಮೊದಲೇ ಸಿಕ್ಕಿದ್ದರೆ ಅವರಿಗೇ ತೋರಿಸಬಹುದಿತ್ತು.

ಈಗ ಇಂಥ ಕಾರ್ಡುಗಳ ಸಂತೆ ಬಲು ಬಿರುಸಾಗಿದೆ. 1958ರಲ್ಲಿ ಸ್ವೀಡನ್ನಿನ ಅಲಿಫಾಬೊಲಾಗೆಟ್ ಕಂಪನಿ ಅಚ್ಚುಹಾಕಿದ ಪೆಲೆಯ ಕಾರ್ಡೊಂದು 2022ರಲ್ಲಿ ಹತ್ತು ಲಕ್ಷ ಡಾಲರಿನ ಗೆರೆ ದಾಟಿ ಹರಾಜಾಯಿತು. ಮೂಲೆ ಮಾಸಿದೆಯೇ, ಚಿತ್ರ ನಡುಮಧ್ಯದಲ್ಲಿದೆಯೇ ಎಂದು ಭೂತಗನ್ನಡಿ ಹಿಡಿದು ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಪ್ಲಾಸ್ಟಿಕ್ಕಿನಲ್ಲಿ ಮೊಹರು ಮಾಡುವ ಕಂಪನಿಗಳೇ ಇವೆ. ಆ ಪರೀಕ್ಷೆಯಲ್ಲಿ ನಮ್ಮ ಮನೆಯ ಮೂರೂ ನಪಾಸು: ಕತ್ತರಿ ಓರೆ, ಅಂಟು ಹಳದಿ, ಒಂದನ್ನು ಹುಳು ತಿಂದಿದೆ. ಮಾರುವ ಮಾತೇ ಬರಲಿಲ್ಲ, ಆದರೆ ಬೆಲೆ ಕೇಳಿದ ಮೇಲೆ ಚಿಕ್ಕಪ್ಪ ಪೆಟ್ಟಿಗೆಯನ್ನು ಬೀರುವಿನೊಳಗೆ ಇಟ್ಟು ಬೀಗ ಹಾಕಿದರು.

ಜಗಳ ಉಳಿದದ್ದು ಮೂರನೆಯ ಕಾರ್ಡಿನ ಬಗ್ಗೆ. ಸಾತನೂರು ಸುತ್ತಿನಲ್ಲಿ ಒಬ್ಬ ಕೆಂಪಯ್ಯನಾದರೂ ಇಲ್ಲದ ಹಟ್ಟಿಯಿಲ್ಲ. ‘ನಮ್ಮ ಅಜ್ಜಿಯ ಅಣ್ಣ ಕೆಂಪಯ್ಯ ಪಟ್ಟಣದಲ್ಲಿದ್ದೋರು’ ಎಂದು ಒಬ್ಬರು, ‘ಪಲ್ಟನ್ನಿಗೆ ಸೇರಿದ್ದ ಕೆಂಪಯ್ಯ ಹಿಂಗೇ ಇದ್ದ’ ಎಂದು ಇನ್ನೊಬ್ಬರು. ಚಿತ್ರದವರು ಮರಿಯಪ್ಪ ಕೆಂಪಯ್ಯ, ಮೈಸೂರು ತಂಡದ ಹಾಫ್ ಬ್ಯಾಕ್, 1956 ಮತ್ತು 1960ರ ಒಲಿಂಪಿಕ್ಸ್‌ಗಳಿಗೆ ಹೋದವರು. ಅವರ ಹಳೆಯ ತಂಡದ ಚಿತ್ರ ಪಕ್ಕದಲ್ಲಿಟ್ಟು ಹಣೆ, ಕಿವಿ ಹೋಲಿಸಿ ತೋರಿಸಿದ ಮೇಲೂ ಮನೆಯಲ್ಲಿ ಎಲ್ಲರೂ ಒಪ್ಪಿಲ್ಲ.

ಅವರ ಕಾರ್ಡಿಗೆ ನಿಮಿಷ ಯಾಕಿಲ್ಲ ಎಂಬುದನ್ನು ಅವರ ಜಾಗವೇ ಹೇಳುತ್ತದೆ. ಹಾಫ್ ಬ್ಯಾಕ್ ಎಂದರೆ ಎದುರಾಳಿಯ ಕಾಲಿಂದ ಚೆಂಡು ಕಿತ್ತು ಮುಂದಿನವರಿಗೆ ದಾಟಿಸುವವನು; ಗೋಲಿನ ಪಟ್ಟಿಯಲ್ಲಿ ಹೆಸರು ಅಪರೂಪ. 1956ರಲ್ಲಿ ಮೆಲ್ಬರ್ನಿನಲ್ಲಿ ಭಾರತ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿದಾಗ ಮೂರು ಗೋಲು ಹೊಡೆದ ನೆವಿಲ್ ಡಿಸೋಜಾ ಎಲ್ಲ ಪುಸ್ತಕಗಳಲ್ಲೂ ಇದ್ದಾರೆ. ಭಾರತ ನಾಲ್ಕನೆಯದಾಗಿ ಮುಗಿಸಿದ ಆ ಕೂಟದ ತಂಡದಲ್ಲಿ ಕೆಂಪಯ್ಯನವರೂ ಇದ್ದರು ಎಂಬುದಕ್ಕೆ ಪಟ್ಟಿಯನ್ನು ಕೊನೆತನಕ ಓದಬೇಕು. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಆ ತಂಡದ ತರಬೇತುದಾರರು. ನಾಲ್ಕು ವರ್ಷದ ಮೇಲೆ ರೋಮ್‌ಗೂ ರಹೀಮರ ತಂಡದಲ್ಲಿ ಕೆಂಪಯ್ಯ ಹೋದರು. ಹಂಗೆರಿಯೆದುರು 2-1ರ ಸೋಲು, ಪೆರುವಿನೆದುರು 3-1ರ ಸೋಲು. ನಡುವಿನ ಪಂದ್ಯ ಮತ್ತೆ ಫ್ರಾನ್ಸಿನೊಂದಿಗೆ. ಪಿ.ಕೆ. ಬ್ಯಾನರ್ಜಿ ಗೋಲು ಹೊಡೆದು ಭಾರತ ಮುಂದಿತ್ತು, ಕೊನೆಯ ಹತ್ತು ನಿಮಿಷದೊಳಗೆ ಫ್ರಾನ್ಸ್ ಸರಿಗಟ್ಟಿ 1-1 ಆಯಿತು. ಅಷ್ಟು ಹೊತ್ತಿಗೆ ಎರಡೂ ತಂಡದವರ ಕಾಲಲ್ಲಿ ಬೂಟಿದ್ದವು.