ಕೆಡವುವುದಕ್ಕೇ ಕಟ್ಟುವ ಗೋಡೆ

ಬಾಗಿಲು ತಳ್ಳಿದ ಕೂಡಲೇ ಮೂಗಿಗೆ ಬರುವುದು ಒದ್ದೆ ಸುಣ್ಣದ ವಾಸನೆ. ಎತ್ತರದ ತಗಡಿನ ಚಾವಣಿ, ಅದರಡಿ ಸಾಲಾಗಿ ಟ್ಯೂಬ್‌ಲೈಟು, ಕೆಳಗೆ ಕಾಂಕ್ರೀಟು ನೆಲದ ಮೇಲೆ ಎದೆಮಟ್ಟಕ್ಕೆ ಎದ್ದು ಅಲ್ಲಿಗೇ ನಿಂತುಬಿಟ್ಟ ಹತ್ತಾರು ಇಟ್ಟಿಗೆ ಗೋಡೆಗಳು. ಯಾವುದಕ್ಕೂ ಮನೆಯಿಲ್ಲ, ಒಂದಕ್ಕೆ ಕಿಟಕಿಯಿದೆ, ಕಿಟಕಿಯಾಚೆ ಕೋಣೆಯಿಲ್ಲ. ಮೂಲೆಯ ಗೋಡೆಯೆದುರು ಹದಿನೇಳರ ಹುಡುಗನೊಬ್ಬ ಕರಣೆಯಲ್ಲಿ ಗಾರೆ ಎತ್ತಿ, ಮಣಿಕಟ್ಟಿನ ಒಂದೇ ತಿರುವಿಗೆ ಅದನ್ನು ಇಟ್ಟಿಗೆಯುದ್ದಕ್ಕೂ ಹರಡಿ, ಮೇಲೊಂದು ಇಟ್ಟಿಗೆ ಕೂರಿಸಿ, ಕರಣೆಯ ಹಿಡಿಯಿಂದ ಟಕ್ ಟಕ್ ಎಂದು ತಟ್ಟುತ್ತಾನೆ. ರಸಮಟ್ಟ ಇಟ್ಟು ನೋಡುತ್ತಾನೆ. ಗುಳ್ಳೆ ಕೂದಲೆಳೆಯಷ್ಟು ಎಡಕ್ಕೆ ಸರಿದಿದೆ. ಮತ್ತೊಂದು ಟಕ್. ಅಷ್ಟರಲ್ಲಿ ಹಿಂದಿನಿಂದ ಬಂದ ಮೇಷ್ಟ್ರು ಒಂದೂ ಮಾತಾಡದೆ ಕೆಳಗಿನ ಮೂರನೆಯ ವರಸೆಯತ್ತ ಬೆರಳು ತೋರಿಸಿ ಮುಂದಕ್ಕೆ ಹೋಗುತ್ತಾರೆ. ಹುಡುಗ ಬಗ್ಗಿ ನೋಡುತ್ತಾನೆ, ಉಸ್ಸೆನ್ನುತ್ತಾನೆ, ಮೇಲಿನ ವರಸೆಗಳನ್ನು ಒಂದೊಂದಾಗಿ ಬಿಚ್ಚತೊಡಗುತ್ತಾನೆ.

ಬಿಚ್ಚುವುದೇನೂ ಕಷ್ಟವಲ್ಲ. ಇಲ್ಲಿನ ಗಾರೆಯಲ್ಲಿ ಸಿಮೆಂಟ್ ಇರುವುದಿಲ್ಲ, ಬರೀ ಮರಳು ಮತ್ತು ಸುಣ್ಣ. ಗೋಡೆ ಎದ್ದ ಮೇಲೆ ಮೇಷ್ಟ್ರು ಅಳತೆ ನೋಡಿ, ಫೋಟೋ ತೆಗೆದು, ಅಂಕ ಬರೆದುಕೊಳ್ಳುತ್ತಾರೆ. ಆಮೇಲೆ ಹುಡುಗರು ಅದನ್ನು ಕೆಡವಿ, ಇಟ್ಟಿಗೆಗೆ ಅಂಟಿದ ಗಾರೆ ಕೆರೆದು, ಜೋಡಿಸಿಟ್ಟು, ಮುಂದಿನ ವಾರ ಅದೇ ಇಟ್ಟಿಗೆಯಲ್ಲಿ ಬೇರೆ ಗೋಡೆ ಕಟ್ಟುತ್ತಾರೆ. ಅಂಚು ಸವೆದು ದುಂಡಗಾದ ಇಟ್ಟಿಗೆಗಳನ್ನು ನೋಡಿದರೆ ಎಷ್ಟು ತಂಡಗಳ ಕೈ ದಾಟಿ ಬಂದಿವೆಯೋ ಅನ್ನಿಸುತ್ತದೆ.

“ಇದೆಂತ ಮಾರಾಯ್ತಿ, ಕೆಡವುದಕ್ಕೇ ಗೋಡೆ ಕಟ್ಟುದಾ?”

ಕನ್ನಡ ಕಿವಿಗೆ ಬಿದ್ದರೆ ತಿರುಗಿ ನೋಡದಿರಲು ಯಾರಿಗೆ ಸಾಧ್ಯ? ಕರಾವಳಿಯ ಕನ್ನಡ. ಆಸ್ಪತ್ರೆಯ ನರ್ಸಿನ ಸಮವಸ್ತ್ರದ ಮೇಲೆ ದಪ್ಪ ಕೋಟು ಹಾಕಿಕೊಂಡ ತಾಯಿ, ಪಕ್ಕದಲ್ಲಿ ಹದಿನೈದು ದಾಟಿದ ಮಗಳು. ಇಬ್ಬರ ಕೊರಳಲ್ಲೂ ‘ವಿಸಿಟರ್’ ಎಂದು ಬರೆದ ಪಟ್ಟಿ. ಹುಡುಗಿಗೆ ನೋಡಬೇಕಿರುವುದು ಗೋಡೆಯಲ್ಲ, ಪಕ್ಕದ ಶೆಡ್ಡಿನ ಎಲೆಕ್ಟ್ರಿಕಲ್ ವಿಭಾಗ. ತಾಯಿಗೆ ಇದಾವುದೂ ಬೇಡ, ಮಗಳು ಎ ಲೆವೆಲ್ ಮಾಡಿದರೆ ಸಾಕು. “ಅದು ಮಾಡಿದ್ರೆ ಮುಂದೆ ಯಾವ ಬಾಗ್ಲೂ ಮುಚ್ಚುದಿಲ್ಲ ಮಗಾ” ಎನ್ನುತ್ತಾರೆ. “ಇದ್ರಲ್ಲೂ ಮುಚ್ಚುದಿಲ್ಲಮ್ಮ, ಆ ಸರ್ ಹತ್ರ ಕೇಳು ಬೇಕಾದ್ರೆ” ಎಂದು ಮಗಳು ಆಗಲೇ ಬಾಗಿಲ ಹತ್ತಿರ ಹೋಗಿದ್ದಾಳೆ.

ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಸೀಮೆಯ ಸಾಧಾರಣ ಊರೊಂದರ ಕಾಲೇಜು ಇದು. ನವೆಂಬರಿನ ಸಂಜೆ, ಹೊರಗೆ ನಾಲ್ಕೂವರೆಗೆಲ್ಲ ಕತ್ತಲು, ಸಣ್ಣ ಮಳೆ. ಒಳಗೆ ಓಪನ್ ಈವ್ನಿಂಗ್. ಹದಿನಾರಕ್ಕೆ ಜಿಸಿಎಸ್‌ಇ ಪರೀಕ್ಷೆ ಮುಗಿಸುವ ಮಕ್ಕಳು ಮುಂದೆಲ್ಲಿಗೆ ಹೋಗಬೇಕೆಂದು ನೋಡಲು ಅಪ್ಪ ಅಮ್ಮನನ್ನು ಕಟ್ಟಿಕೊಂಡು ಬರುವ ಹೊತ್ತು. 2015ರಿಂದ ಇಂಗ್ಲೆಂಡಿನಲ್ಲಿ ಹದಿನೆಂಟರವರೆಗೆ ಏನಾದರೊಂದು ಓದು ಅಥವಾ ತರಬೇತಿಯಲ್ಲಿ ಇರಲೇಬೇಕೆಂಬ ಕಾನೂನಿದೆ. ಶಾಲೆಯ ಸಿಕ್ಸ್ತ್ ಫಾರ್ಮ್‌ನಲ್ಲಿ ನಮ್ಮ ಪಿಯುಸಿಯಂಥ ಎ ಲೆವೆಲ್ ಮಾಡಬಹುದು, ಇಂಥ ಫರ್ದರ್ ಎಜುಕೇಶನ್ ಕಾಲೇಜಿಗೆ ಬರಬಹುದು, ಇಲ್ಲವೇ ಕೆಲಸಕ್ಕೇ ಸೇರಿ ಅಪ್ರೆಂಟಿಸ್ ಆಗಬಹುದು. ಅಲ್ಲಿ ನೆಲೆಸಿದ ಮನೆಗಳ ಮಕ್ಕಳಿಗೆ ಹದಿನೆಂಟರವರೆಗೆ ಕಾಲೇಜಿನ ಬೋಧನಾ ಶುಲ್ಕವಿಲ್ಲ. ಅಪ್ರೆಂಟಿಸ್ ಆದರೆ ಕೈಗೇ ಕಾಸು. 2025ರ ಏಪ್ರಿಲ್‌ನಲ್ಲಿ ಅವರ ಕನಿಷ್ಠ ಕೂಲಿ ಗಂಟೆಗೆ 7.55 ಪೌಂಡ್ ಆಯಿತು.

ಎಲೆಕ್ಟ್ರಿಕಲ್ ಶೆಡ್ಡಿನಲ್ಲಿ ಪ್ಲೈವುಡ್ಡಿನ ಪುಟ್ಟ ಪುಟ್ಟ ಗೂಡುಗಳು. ಒಂದೊಂದು ಗೂಡೂ ಒಬ್ಬರ ಮನೆ: ಅದಕ್ಕೊಂದು ಮೀಟರ್ ಪೆಟ್ಟಿಗೆ, ಎರಡು ದೀಪ, ಮೆಟ್ಟಿಲಿಗೆಂದು ಎರಡೂ ಕಡೆ ಸ್ವಿಚ್ಚು. ತಾಮ್ರದ ತಂತಿ ಸುಲಿದ ಬಣ್ಣಬಣ್ಣದ ಸಿಪ್ಪೆ ನೆಲದ ತುಂಬ. ಅರವತ್ತರ ಹತ್ತಿರದ ಮೇಷ್ಟ್ರು ಮೂವತ್ತು ವರ್ಷ ಕಾರ್ಖಾನೆಗಳಲ್ಲಿ ವೈರಿಂಗ್ ಮಾಡಿ ಬಂದವರು. ಮಾತಿಗಿಂತ ಮೊದಲು ಟೆಸ್ಟರ್ ಕೈಗೆ ಕೊಡುತ್ತಾರೆ. ತಾಯಿಯ ಪ್ರಶ್ನೆಗೆ ಅವರು ನೇರವಾಗಿಯೇ ಉತ್ತರಿಸಿದರು: ಎ ಲೆವೆಲ್‌ಗೆ ಸಮನಾದ ಲೆವೆಲ್ 3 ಮುಗಿಸಿದವರು ಎಂಜಿನಿಯರಿಂಗ್ ಪದವಿಗೆ ಹೋದದ್ದುಂಟು, ಆದರೆ ಎಲ್ಲ ವಿಶ್ವವಿದ್ಯಾಲಯಗಳೂ ತೆಗೆದುಕೊಳ್ಳುವುದಿಲ್ಲ, ಗಣಿತದ ಎ ಲೆವೆಲ್ ಬೇಕೆನ್ನುವವರು ಇದ್ದಾರೆ, ಮೊದಲೇ ವಿಚಾರಿಸಿಕೊಳ್ಳಿ. ಬಣ್ಣದ ಪ್ರಾಸ್ಪೆಕ್ಟಸ್ಸಿನಲ್ಲಿ ಈ ‘ಆದರೆ’ ಎಲ್ಲಿಯೂ ಕಾಣದು.

ಓಪನ್ ಈವ್ನಿಂಗ್ ಎಂದರೆ ಹೆಣ್ಣು ನೋಡುವ ಶಾಸ್ತ್ರದ ಹಾಗೆ. ನೆಲ ಒರೆಸಿರುತ್ತದೆ, ಇದ್ದುದರಲ್ಲಿ ಚುರುಕಾದವರನ್ನು ಮುಂದೆ ನಿಲ್ಲಿಸಿರುತ್ತಾರೆ, ತಿಂಡಿಯೂ ಉಂಟು. ನಿಜ ನೋಡಬೇಕಾದವರು ಸುಮ್ಮನೆ ಒಂದು ಮಂಗಳವಾರ ಮಧ್ಯಾಹ್ನ ಬರಬೇಕು. ಬರಲು ನೆಪವೂ ಸುಲಭ: ಇಂಥ ಕಾಲೇಜುಗಳಲ್ಲಿ ಅನೇಕವು ಊರವರಿಗೆ ತೆರೆದಿರುವ ಸಲೂನು, ಊಟದ ಮನೆ ಇಟ್ಟುಕೊಂಡಿರುತ್ತವೆ, ದರ ಹೊರಗಿನದಕ್ಕಿಂತ ಕಡಿಮೆ.

ಸಲೂನಿನ ಗೋಡೆಗೆ ಒರಗಿದ ಕಪಾಟಿನಲ್ಲಿ ರಬ್ಬರಿನ ತಲೆಗಳು ಸಾಲಾಗಿ ಕೂತಿವೆ. ಕೆಲವಕ್ಕೆ ಜಡೆ, ಕೆಲವಕ್ಕೆ ಅರ್ಧ ಕತ್ತರಿಸಿದ ಕೂದಲು, ಒಂದಕ್ಕೆ ಯಾರೋ ತುಂಟರು ಬರೆದ ಮೀಸೆ. ಬಣ್ಣದ ಘಾಟು, ಶಾಂಪೂವಿನ ಸಿಹಿ, ಡ್ರೈಯರಿನ ಬಿಸಿಗಾಳಿ ಒಂದಾಗಿ ಗಂಟಲಿಗೆ ಬರುತ್ತದೆ. ಕುರ್ಚಿಯಲ್ಲಿ ಕೂತ ಬೆಳ್ಳಿಕೂದಲಿನ ಅಜ್ಜಿಗೆ ಅವಸರವಿಲ್ಲ. ಹುಡುಗಿ ಕೂದಲನ್ನು ಗೆರೆ ಗೆರೆಯಾಗಿ ಬೈತಲೆ ತೆಗೆದು ಕ್ಲಿಪ್ಪು ಹಾಕುತ್ತಾಳೆ. ಮೇಡಂ ಬಂದು ಬಾಚಣಿಗೆಯ ತುದಿಯಿಂದ ಒಂದು ಗೆರೆ ಓರೆಯಾಗಿದೆಯೆಂದು ತೋರಿಸುತ್ತಾರೆ. ಕ್ಲಿಪ್ಪು ಬಿಚ್ಚಿ ಮೊದಲಿನಿಂದ. ಹೊರಗೆ ಇಪ್ಪತ್ತು ನಿಮಿಷದ ಕೆಲಸ ಇಲ್ಲಿ ಒಂದೂವರೆ ಗಂಟೆ. ಅಜ್ಜಿ ಮೊಮ್ಮಕ್ಕಳ ಸುದ್ದಿಯನ್ನೆಲ್ಲ ಹೇಳಿ ಮುಗಿಸಿದ್ದಾರೆ, ಹುಡುಗಿಯ ನಾಲಗೆ ಇನ್ನೂ ಹಲ್ಲಿನ ನಡುವೆಯೇ ಇದೆ.

ಊಟದ ಮನೆಯಲ್ಲಿ ಮಾತ್ರ ಉಸಿರಾಡಲು ಪುರಸೊತ್ತಿಲ್ಲ. ಬಾಗಿಲ ಈಚೆ ಬಿಳಿಯ ಮೇಜುಬಟ್ಟೆ, ಕೈ ನಡುಗಿಸುತ್ತ ಸೂಪಿನ ತಟ್ಟೆ ಇಡುವ ಹುಡುಗ. ಆಚೆ ಬೆಣ್ಣೆ ಕಾಯುವ ವಾಸನೆ, ಉಕ್ಕಿನ ಬೋಗುಣಿಗಳ ಸದ್ದು, “ಯೆಸ್ ಶೆಫ್” ಎಂಬ ಒಕ್ಕೊರಲು. ಒಬ್ಬಳು ಕ್ಯಾರೆಟ್ಟನ್ನು ಬೆಂಕಿಕಡ್ಡಿಯಷ್ಟು ಸಪೂರಕ್ಕೆ ಹೆಚ್ಚಿ ಗುಡ್ಡೆ ಹಾಕಿದ್ದಾಳೆ. ಶೆಫ್ ಅದರಿಂದ ನಾಲ್ಕೈದು ಎಳೆ ಎತ್ತಿ ಪಕ್ಕಪಕ್ಕ ಇಟ್ಟು, ಉದ್ದ ಹೆಚ್ಚುಕಮ್ಮಿಯಾದದ್ದನ್ನು ಸ್ಟಾಕಿನ ಪಾತ್ರೆಗೆ ಹಾಕುತ್ತಾರೆ. ಏನೂ ದಂಡವಾಗದು, ಆದರೆ ಪಾಸೂ ಆಗದು.

ಈ ಬಗೆಯ ಅಡುಗೆಮನೆಗಳಲ್ಲಿ ಹೆಸರಾದದ್ದು ಲಂಡನ್ನಿನ ವಿನ್ಸೆಂಟ್ ಸ್ಕ್ವೇರಿನದು. 1910ರಲ್ಲಿ ಶುರುವಾದ ಆ ಶಾಲೆಯ ಹುಟ್ಟಿಗೆ ಕೈಜೋಡಿಸಿದವರಲ್ಲಿ ಫ್ರೆಂಚ್ ಬಾಣಸಿಗ ಓಗಸ್ಟ್ ಎಸ್ಕೋಫಿಯೆ ಒಬ್ಬ. ಟಿವಿಯಲ್ಲಿ ಮನೆಮಾತಾದ ಜೇಮಿ ಆಲಿವರ್ ಕಲಿತದ್ದು ಅಲ್ಲೇ. ಆದರೆ ವಿಳಾಸ ಅದೇ ಇದ್ದರೂ ಮಾಲೀಕತ್ವ ಬದಲಾಗುತ್ತ ಬಂದಿದೆ: ವೆಸ್ಟ್‌ಮಿನ್‌ಸ್ಟರ್ ಕಿಂಗ್ಸ್‌ವೇ ಎಂಬ ಕಾಲೇಜಾಗಿ, ಈಗ ಕ್ಯಾಪಿಟಲ್ ಸಿಟಿ ಕಾಲೇಜಿನ ಭಾಗ. 1993ರಲ್ಲಿ ಕಾಲೇಜುಗಳು ಸ್ಥಳೀಯ ಕೌನ್ಸಿಲ್‌ಗಳ ಹಿಡಿತದಿಂದ ಹೊರಬಂದವು. ಆಮೇಲೆ ಒಂದನ್ನೊಂದು ಸೇರಿಸಿಕೊಳ್ಳುತ್ತ ದೊಡ್ಡದಾದವು. ಹಾಗಾಗಿ ಕಾಲೇಜಿನ ಹೆಸರು ಕೇಳಿದರೆ ಸಾಲದು, ಬೇಕಾದ ಕೋರ್ಸು ಯಾವ ಕ್ಯಾಂಪಸ್ಸಿನಲ್ಲಿ ಎಂದು ಕೇಳಬೇಕು. ಮನೆಯ ಹಿಂದಿನ ಕಾಲೇಜಿಗೆ ಸೇರಿದೆವೆಂದುಕೊಂಡವರು ಬೆಳಿಗ್ಗೆ ಆರೂವರೆಯ ಬಸ್ಸಿಗೆ ಓಡಬೇಕಾದೀತು. ಬಸ್ ಎನ್ನುವುದು ಚಿಕ್ಕ ವಿಷಯವೇ ಅಲ್ಲ. ಲಂಡನ್ನಿನಲ್ಲಿ ಈ ವಯಸ್ಸಿನವರು ಜಿಪ್ ಕಾರ್ಡು ಮಾಡಿಸಿಕೊಂಡರೆ ಬಸ್ಸಿಗೆ ಕಾಸಿಲ್ಲ, ಬೇರೆ ಎಲ್ಲ ಊರುಗಳಲ್ಲೂ ಹಾಗಿಲ್ಲ.

ಕೆಲವು ಕಸುಬುಗಳಿಗಾಗಿಯಂತೂ ಊರೇ ಬಿಟ್ಟು ಹೋಗಬೇಕು. ಪಿಟೀಲು ಮಾಡುವುದನ್ನು ಕಲಿಯುವವರು ನ್ಯೂವಾರ್ಕ್ ಎಂಬ ಪುಟ್ಟ ಪೇಟೆಗೆ ಹೋಗುತ್ತಾರೆ. 1972ರಲ್ಲಿ ಶುರುವಾದ ಅಲ್ಲಿನ ಶಾಲೆಯಲ್ಲಿ ಮೇಪಲ್ ಮರದ ಹಲಗೆಯನ್ನು ಹೆಬ್ಬೆರಳಿನಷ್ಟೇ ಇರುವ ತೋಪಡದಿಂದ ಹೆರೆದು ಹೆರೆದು ತೆಳುಮಾಡುವುದೇ ತಿಂಗಳುಗಳ ಕೆಲಸ. ಕುಲುಮೆ, ಸುತ್ತಿಗೆ ಬೇಕೆನ್ನುವವರಿಗೆ ಹೆರೆಫರ್ಡ್ ಬಳಿಯ ಹೋಮ್ ಲೇಸಿ. ಕಲ್ಲು ಕೆತ್ತುವವರಿಗೆ, ಬಡಗಿಗಳಿಗೆ ಪೂರ್ವ ಲಂಡನ್ನಿನ ಬಿಲ್ಡಿಂಗ್ ಕ್ರಾಫ್ಟ್ಸ್ ಕಾಲೇಜು. ಅದನ್ನು ಬಡಗಿಗಳ ಹಳೆಯ ಶ್ರೇಣಿಯೇ, ಅಂದರೆ ಕಸುಬುದಾರರ ಸಂಘವೇ, 1893ರಲ್ಲಿ ಕಟ್ಟಿದ್ದು. ಕಸುಬಿಗೆ ಪರೀಕ್ಷೆಯಿಟ್ಟು ಸರ್ಟಿಫಿಕೇಟು ಕೊಡುವ ಸಿಟಿ ಅಂಡ್ ಗಿಲ್ಡ್ಸ್ ಕೂಡ 1878ರಲ್ಲಿ ಲಂಡನ್ ನಗರ ಮತ್ತು ಅದರ ಹದಿನಾರು ಶ್ರೇಣಿಗಳು ಸೇರಿ ಹುಟ್ಟಿಸಿದ್ದು. ಅದಕ್ಕೂ ಹಿಂದೆ, 1823ರಲ್ಲಿ, ಜಾರ್ಜ್ ಬರ್ಕ್‌ಬೆಕ್ ಎಂಬ ವೈದ್ಯ ಕೂಲಿ ಕುಶಲಕರ್ಮಿಗಳು ಸಂಜೆ ಹೊತ್ತು ವಿಜ್ಞಾನ ಕಲಿಯಲೆಂದು ಲಂಡನ್ನಿನಲ್ಲೊಂದು ಸಂಸ್ಥೆ ಕಟ್ಟಲು ಮುಂದಾಗಿದ್ದ. ಇಷ್ಟೆಲ್ಲ ಹಿನ್ನೆಲೆಯಿದ್ದೂ ಇಂಗ್ಲಿಷ್ ಮಧ್ಯಮ ವರ್ಗದವರು ಈ ಕಾಲೇಜುಗಳನ್ನು ಪಕ್ಕದ ಮನೆ ಮಕ್ಕಳಿಗೆ ಮಾತ್ರ ಒಳ್ಳೆಯದೆಂದು ಹೊಗಳುತ್ತಾರೆ. ಐಟಿಐ ಎಂದರೆ ಮೂಗು ಮುರಿಯುವ ನಮಗೆ ಇದನ್ನು ಯಾರೂ ವಿವರಿಸಬೇಕಿಲ್ಲ.

ಮತ್ತೆ ಓಪನ್ ಈವ್ನಿಂಗಿಗೆ ಬಂದರೆ, ಮುಂಬಾಗಿಲ ಹಾಲಿನಲ್ಲಿ ಮೇಜುಗಳು, ಉಚಿತ ಪೆನ್ನು, ಬಟ್ಟೆ ಚೀಲ, ಕಿವಿಗಡಚಿಕ್ಕುವ ಗದ್ದಲ. ಬಿಟೆಕ್ (ನಮ್ಮ ಎಂಜಿನಿಯರಿಂಗ್ ಪದವಿಯಲ್ಲ), ಟಿ ಲೆವೆಲ್, ಲೆವೆಲ್ 1, 2, 3 ಎಂಬ ಬೋರ್ಡುಗಳ ನಡುವೆ ದಾರಿ ತಪ್ಪಿದ ಅಪ್ಪಂದಿರು. ಲೆವೆಲ್ 2 ಎಂದರೆ ಒಳ್ಳೆಯ ಜಿಸಿಎಸ್‌ಇಗೆ ಸಮ, ಲೆವೆಲ್ 3 ಎಂದರೆ ಎ ಲೆವೆಲ್‌ಗೆ. 2020ರಲ್ಲಿ ಬಂದ ಟಿ ಲೆವೆಲ್ ಒಂದೇ ಮೂರು ಎ ಲೆವೆಲ್‌ಗಳ ತೂಕದ್ದು. ಎರಡು ವರ್ಷದಲ್ಲಿ ಕನಿಷ್ಠ 315 ಗಂಟೆ, ಅಂದರೆ ಸುಮಾರು 45 ದಿನ, ನಿಜವಾದ ಕಂಪನಿಯೊಂದರಲ್ಲಿ ಕೆಲಸ ಮಾಡಿರಬೇಕು. ನನ್ನನ್ನು ಕೇಳಿದರೆ ಆ ಮೇಜಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಅದೇ: ಹೋದ ವರ್ಷದ ಮಕ್ಕಳು ಈ 45 ದಿನ ಎಲ್ಲಿ ಕಳೆದರು? ಸುತ್ತಲಿನ ಊರಿನ ನಾಲ್ಕು ಕಂಪನಿಗಳ ಹೆಸರು ಥಟ್ಟನೆ ಬಂದರೆ ಸರಿ. “ವ್ಯವಸ್ಥೆ ಆಗುತ್ತದೆ” ಎಂದರೆ ಪಕ್ಕದ ಊರಿನ ಕಾಲೇಜನ್ನೂ ನೋಡಿ ಬರುವುದು ವಾಸಿ. ಕಬ್ಬಿಣದ ಬೇಲಿಗೆ ಕಟ್ಟಿದ ‘ಔಟ್‌ಸ್ಟ್ಯಾಂಡಿಂಗ್’ ಎಂಬ ಬ್ಯಾನರನ್ನು ನೋಡಿ ಮರುಳಾಗಬೇಕಿಲ್ಲ, ಅದರ ಮೇಲಿನ ಇಸವಿ ಓದಿಕೊಳ್ಳಿ. ತಪಾಸಣೆ ನಡೆಸುವ ಆಫ್‌ಸ್ಟೆಡ್ 2025ರ ನವೆಂಬರಿನಿಂದ ಒಂದೇ ಪದದ ತೀರ್ಪು ಬಿಟ್ಟು, ಒಂದೊಂದು ಅಂಶಕ್ಕೂ ಬೇರೆ ದರ್ಜೆ ಕೊಡುವ ರಿಪೋರ್ಟ್ ಕಾರ್ಡಿಗೆ ಬಂದಿದೆ.

ಇನ್ನು ಕರ್ನಾಟಕದಿಂದಲೇ ನೇರವಾಗಿ ಹೊರಡುವೆವೆನ್ನುವವರ ಲೆಕ್ಕ ಬೇರೆಯೇ. ಅವರಿಗೆ ಪೂರ್ತಿ ಶುಲ್ಕ. ಕಾಲೇಜಿಗೆ ಬ್ರಿಟಿಷ್ ಗೃಹ ಇಲಾಖೆಯ ಸ್ಪಾನ್ಸರ್ ಲೈಸೆನ್ಸ್ ಇರಬೇಕು, ಅದು ಎಲ್ಲ ಕಾಲೇಜುಗಳಿಗೂ ಇಲ್ಲ. ಇದ್ದವರ ಪಟ್ಟಿ ಸರ್ಕಾರವೇ ಪ್ರಕಟಿಸುತ್ತದೆ, ಏಜೆಂಟರ ಬಾಯಿಂದ ಕೇಳುವ ಅಗತ್ಯವಿಲ್ಲ. ವೀಸಾ ಸಿಗುವುದು ಲೆವೆಲ್ 3 ಮತ್ತು ಮೇಲಿನದಕ್ಕೆ. ಪದವಿಗಿಂತ ಕೆಳಗಿನ ಓದಾದರೆ ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 10 ಗಂಟೆ ಮಾತ್ರ ದುಡಿಯಬಹುದು, ಪದವಿಯವರಿಗಿರುವ 20 ಇಲ್ಲ. ಪದವೀಧರರಿಗೆ ಓದಿನ ನಂತರ ಸಿಗುವ ಗ್ರಾಜುಯೇಟ್ ವೀಸಾ ಡಿಪ್ಲೊಮಾಕ್ಕೆ ಸಿಗದು. ಪಿಯುಸಿ ಮುಗಿಸಿದ ಹುಡುಗನನ್ನು ಸಾಲ ಮಾಡಿ ಲೆವೆಲ್ 3ಕ್ಕೆ ಕಳಿಸುವುದೆಂದರೆ ಹೆಚ್ಚುಕಡಿಮೆ ಪಿಯುಸಿಯನ್ನೇ ಇನ್ನೊಮ್ಮೆ ಪೌಂಡಿನಲ್ಲಿ ಓದಿಸಿದಂತೆ. ಪಿಟೀಲು ಮಾಡುವಂಥ, ಸುಲಭಕ್ಕೆ ಸಿಗದ ಕಸುಬಾದರೆ ಮಾತು ಬೇರೆ.

ಇಷ್ಟೆಲ್ಲ ನೋಡಿ, ಚರ್ಚಿಸಿ, ಅರ್ಜಿ ತುಂಬಿಸಿದ ಆಯ್ಕೆಯೂ ಗಟ್ಟಿಯಾಗುವುದು ಆಗಸ್ಟಿನ ಒಂದು ಗುರುವಾರವೇ. ಅಂದು ಜಿಸಿಎಸ್‌ಇ ಫಲಿತಾಂಶ. ಮಡಚಿದ ಕಾಗದ ಹಿಡಿದ ಮಕ್ಕಳು ಕಾಲೇಜಿನ ಹಾಲಿನಲ್ಲಿ ಬಾಗಿಲಾಚೆಯವರೆಗೆ ಸಾಲು ನಿಲ್ಲುತ್ತಾರೆ. ನವೆಂಬರಿನಲ್ಲಿ ಬೇಡವೆಂದದ್ದು ಕೆಲವರಿಗೆ ಈಗ ಬೇಕು, ಬೇಕೆಂದದ್ದರ ಸೀಟು ಕೆಲವರಿಗೆ ಮುಗಿದಿದೆ. ಬಡಗಿ ಕೆಲಸಕ್ಕೆ ಹೆಸರು ಕೊಟ್ಟ ಹುಡುಗನ ಕಾಗದದಲ್ಲಿ ಗಣಿತಕ್ಕೆ 3. ಪಾಸಾಗಲು 4 ಬೇಕು. ಬರುವವರೆಗೆ ವಾರವಾರ ಗಣಿತದ ತರಗತಿಗೂ ಕೂರಲೇಬೇಕೆಂದು ಮೇಜಿನಾಚೆಯ ಹೆಂಗಸು ಬಿಡಿಸಿ ಹೇಳುತ್ತಾರೆ. ಅವನು ಎಲ್ಲದಕ್ಕೂ ತಲೆಯಾಡಿಸಿ, ಉಕ್ಕಿನ ಮೂತಿಯ ಬೂಟು ಕಾಲೇಜಿನವರು ಕೊಡುತ್ತಾರೋ ನಾವೇ ಕೊಳ್ಳಬೇಕೋ ಎಂದು ಕೇಳುತ್ತಾನೆ. ನೀವೇ ಕೊಳ್ಳಬೇಕು, ಕಷ್ಟವಿದ್ದರೆ ಬರ್ಸರಿ ಎಂಬ ಸಹಾಯಧನದ ಫಾರಂ ಆ ಎಡಗಡೆಯ ಮೇಜಿನಲ್ಲಿ, ಮುಂದಿನವರು ಬನ್ನಿ.